ಪ್ಯಾಸ್ಟನ್ ಮನೆತನದ ಓಲೆಗಳು

ಓಲೆಯೆಂದರೆ ಬರೆದವನಿಗೂ ಓದುವವನಿಗೂ ಮಾತ್ರ ಸಂಬಂಧಪಟ್ಟುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹದಿನೈದನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾರ್‌ಫೋಕ್ ಪ್ರಾಂತದ ಪ್ಯಾಸ್ಟನ್ ಮನೆತನದವರು ಬರೆದ ಕಾಗದಗಳನ್ನು ನೋಡಿದರೆ ಈ ಭಾವನೆ ನಿಲ್ಲಲಾರದು. ಅಲ್ಲಿ ಹೇಳುವವರೊಬ್ಬರು, ಬರೆಯುವವರು ಇನ್ನೊಬ್ಬರು, ಒಯ್ಯುವವರು ಮತ್ತೊಬ್ಬರು. ಜನಸಾಮಾನ್ಯರಿಗೆ ಅಂಚೆಯ ಏರ್ಪಾಡಿರಲಿಲ್ಲ. ಹಾಳೆಯನ್ನು ಚಿಕ್ಕದಾಗಿ ಮಡಿಸಿ, ದಾರವನ್ನೋ ಕಾಗದದ ಪಟ್ಟಿಯನ್ನೋ ಪೋಣಿಸಿ, ಅರಗಿನ ಮುದ್ರೆಯೊತ್ತಿ, ಲಂಡನ್ನಿಗೆ ಹೊರಟ ಆಳಿನ ಅಥವಾ ನೆಂಟನ ಕೈಗೆ ಕೊಡುತ್ತಿದ್ದರು. ಎಷ್ಟೋ ವೇಳೆ ಮುಖ್ಯವಾದ ಸಂಗತಿ ಕಾಗದದೊಳಗೆ ಇರುತ್ತಲೇ ಇರಲಿಲ್ಲ. ಉಳಿದುದನ್ನು ತಂದವನ ಬಾಯಿಂದ ಕೇಳತಕ್ಕದ್ದೆಂದು ಮಾತ್ರ ಬರೆದಿರುತ್ತಿತ್ತು.

ಮನೆಯ ಯಜಮಾನನಾದ ಜಾನ್ ಪ್ಯಾಸ್ಟನ್ ವಕೀಲ; ವ್ಯಾಜ್ಯಗಳ ನಿಮಿತ್ತ ಬಹುಕಾಲ ಲಂಡನ್ನಿನಲ್ಲಿಯೇ ಇರುತ್ತಿದ್ದನು. ಊರಿನ ಆಸ್ತಿಯನ್ನು ಕಾಯುವ ಭಾರ ಮಡದಿ ಮಾರ್ಗರೆಟ್ಟಳದು. ಆಕೆಯ ನೂರಕ್ಕೂ ಮಿಕ್ಕ ಓಲೆಗಳು ಉಳಿದಿವೆ. ಸ್ವಹಸ್ತದ್ದೆಂದು ಹೇಳಬಹುದಾದುದು ಒಂದೂ ಇಲ್ಲ. ಮಕ್ಕಳು, ಕಾರಕೂನರು, ಮನೆಯ ಪಾದ್ರಿ ಇವರಿಂದ ಬರೆಸುತ್ತಿದ್ದಳು. 1448ರಲ್ಲಿ, ಎದುರಾಳಿಗಳು ಗ್ರೆಶಮ್ಮಿನ ಮನೆಯನ್ನು ವಶಪಡಿಸಿಕೊಂಡಿದ್ದ ಕಾಲದಲ್ಲಿ, ಆಕೆ ಗೌರವದ ಒಕ್ಕಣೆಯನ್ನು ಮುಗಿಸಿದೊಡನೆ ಗಂಡನಿಂದ ಅಡ್ಡಬಿಲ್ಲುಗಳನ್ನು ಬೇಡುತ್ತಾಳೆ: ಇಲ್ಲಿನ ಮನೆಗಳು ತಗ್ಗು, ನೀಳಬಿಲ್ಲಿನಿಂದ ಹೊಡೆಯಲು ಬಾರದು. ಅದೇ ಕಾಗದದಲ್ಲಿ ಒಂದು ಪೌಂಡು ಬಾದಾಮಿ, ಒಂದು ಪೌಂಡು ಸಕ್ಕರೆ, ಮಕ್ಕಳ ಉಡುಪಿಗೆ ಬಟ್ಟೆ! ಬಾಯಲ್ಲಿ ಹೇಳಿ ಬರೆಸಿದುದರಿಂದಲೇ ಈ ಓಲೆಗಳಿಗೆ ಮಾತಿನ ಜೀವ ಬಂದಿದೆಯೆಂದು ನಮಗೆ ತೋರುತ್ತದೆ.

ಆದರೆ ಹೀಗೆ ಬರೆಸುವಲ್ಲಿ ಗುಟ್ಟೆಂಬುದು ಎಲ್ಲಿ? ಮುಂದೆ ಈ ಮನೆಗೆ ಸೊಸೆಯಾಗಿ ಬಂದ ಮಾರ್ಜರಿ ಬ್ರೂಸ್ 1477ರ ಫೆಬ್ರವರಿಯಲ್ಲಿ ತನ್ನ ಪ್ರಿಯನಿಗೆ ವ್ಯಾಲೆಂಟೈನ್ ಓಲೆಯನ್ನು ಕಳುಹಿಸಿದಳು. ಇಂಗ್ಲಿಷಿನಲ್ಲಿ ಉಳಿದಿರುವ ಇಂಥ ಓಲೆಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಪ್ರಸಿದ್ಧವಾಗಿದೆ. ನಿನ್ನ ಹೊರತು ಬೇರಾರೂ ಇದನ್ನು ನೋಡಬಾರದೆಂದು ಅದರಲ್ಲಿ ಬೇಡಿಕೊಂಡಿದ್ದಾಳೆ. ಅಕ್ಷರವೋ, ತಂದೆಯ ಕರಣಿಕನಾದ ಥಾಮಸ್ ಕೇಲನದು!

ಇಷ್ಟು ಕಾಗದಗಳು ಉಳಿದುದು ಅಕ್ಕರೆಯಿಂದಲ್ಲ, ವ್ಯಾಜ್ಯದ ಭಯದಿಂದ. ನಿಮ್ಮ ತಂದೆ ಕಷ್ಟಕಾಲದಲ್ಲಿ ಒಡವೆವಸ್ತುಗಳಿಗಿಂತ ಕಾಗದಪತ್ರಗಳನ್ನೇ ಹೆಚ್ಚಾಗಿ ಕಾಯ್ದರೆಂದು, ಜಾನ್ ತೀರಿಕೊಂಡ 1466ರಲ್ಲಿಯೇ, ಮಾರ್ಗರೆಟ್ ಹಿರಿಯ ಮಗನಿಗೆ ತಿಳಿಯಹೇಳಿದಳು. ಜಾನ್ ಫೆನ್ ಎಂಬಾತ ಇವನ್ನು 1787ರಿಂದ ಅಚ್ಚು ಹಾಕಿಸತೊಡಗಿದನು. ಬಹುಪಾಲು ಮೂಲಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಅವುಗಳ ನಡುವೆ 1469ರ ಒಂದು ಕಾಗದವಿದೆ. ಮಾರ್ಗರೆಟ್ಟಳ ಮಗಳು (ಇವಳ ಹೆಸರೂ ಮಾರ್ಜರಿಯೇ) ಮನೆಯ ಪಾರುಪತ್ಯಗಾರನಾದ ರಿಚರ್ಡ್ ಕಾಲೆಯನ್ನು ಗುಟ್ಟಾಗಿ ವರಿಸಿದ್ದಳು. ಮನೆಯವರು ಇಬ್ಬರನ್ನೂ ಅಗಲಿಸಿದರು. ನಾರಿಚ್ಚಿನ ಬಿಷಪ್ಪನು ವಿಚಾರಣೆ ನಡೆಸಿದಾಗ ಅವಳು ಕೊಟ್ಟ ಮಾತಿನಿಂದ ಹಿಮ್ಮೆಟ್ಟಲಿಲ್ಲ. ತಾಯಿಯು ಮಗಳನ್ನು ಮನೆಗೆ ಸೇರಿಸಕೂಡದೆಂದು ಆಳುಗಳಿಗೆ ಅಪ್ಪಣೆ ಮಾಡಿದಳು. ಆ ಅಗಲಿಕೆಯ ದಿನಗಳಲ್ಲಿ ಕಾಲೆ ಹೆಂಡತಿಗೆ ಬರೆದುದೇ ಈ ಕಾಗದ. ಯಾರಿಗೂ ತೋರಿಸಬೇಡ, ಓದಿದೊಡನೆ ಸುಟ್ಟುಬಿಡು ಎಂದು ಅದರಲ್ಲಿದೆ.