ಕಲ್ಲು ಕಟ್ಟಿದ ಜೀವಕ್ಕೆ ಕಂಪ್ಯೂಟರಿನ ಲೆಕ್ಕ

ಕಲಾದಗಿ ಸೀಮೆಯ ಸುಣ್ಣದ ಬಂಡೆಗಳನ್ನು ಕಟ್ಟಿದ ಕುಲದ ಸೂಕ್ಷ್ಮಜೀವಿಗಳ ಒಡಲೊಳಗಿನ ವ್ಯವಹಾರವನ್ನು ಇಂದು ಲ್ಯಾಪ್‌ಟಾಪಿನಲ್ಲಿ ಬಿಡಿಸಬಹುದು. ಆ ಕೆಲಸ ಇಳಕಲ್ಲಿನಲ್ಲಿಯೂ ನಡೆಯಬೇಕು.

ಇಳಕಲ್ಲಿನ ಕೆಂಪು ಗ್ರಾನೈಟ್ ಭೂಗರ್ಭದ ಕಾವಿನಲ್ಲಿ ಹುಟ್ಟಿದ ಕಲ್ಲು. ಅದರಲ್ಲಿ ಜೀವದ ಗುರುತು ಹುಡುಕಿದರೂ ಸಿಗದು. ಹುನಗುಂದ, ಬಾಗಲಕೋಟೆ ದಾಟಿ ಕಲಾದಗಿ, ಲೋಕಾಪುರದ ಕಡೆ ಹೋದರೆ ಕಲ್ಲಿನ ಕುಲವೇ ಬದಲಾಗುತ್ತದೆ. ಅಲ್ಲಿರುವುದು ಸುಣ್ಣದ ಕಲ್ಲು, ಡಾಲಮೈಟ್. ಕೆಲವು ಬಂಡೆಗಳ ಮೈಯಲ್ಲಿ ತೆಳು ಪದರಗಳು ಒಂದರ ಮೇಲೊಂದು ಬಾಗಿ ಕೂತಿವೆ. ಇವೇ ಸ್ಟ್ರೊಮ್ಯಾಟೊಲೈಟ್‌ಗಳು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ಬಿಸಿಲಿನಿಂದ ಬದುಕುವ ಸೈನೋಬ್ಯಾಕ್ಟೀರಿಯಾಗಳು ಲೋಳೆಯ ಹಾಸಾಗಿ ಬೆಳೆದು, ನೀರಿನ ಸುಣ್ಣವನ್ನು ಹಿಡಿದು ಹಿಡಿದು ಈ ಪದರಗಳನ್ನು ಕಟ್ಟಿದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ 1876ರ ವರದಿಯಲ್ಲಿ ಈ ಶಿಲಾಸಮೂಹ ಕಲಾದಗಿಯ ಹೆಸರಿನಲ್ಲೇ ಬರುತ್ತದೆ. ಸಿಮೆಂಟಿಗಾಗಿ ಸುಣ್ಣದ ಕಲ್ಲು ತೆಗೆಯುವ ಸೀಮೆಯಿದು. ಇಂಥ ಬಂಡೆಗಳನ್ನು ಗುರುತಿಸಿ ಉಳಿಸಿಕೊಳ್ಳುವ ತುರ್ತು ನಮ್ಮದು.

ಆ ಪದರ ಕಟ್ಟಿದ ಸೈನೋಬ್ಯಾಕ್ಟೀರಿಯಾ ಕುಲದ ಜೀವಿಗಳು ಇಂದಿಗೂ ಕೆರೆ ಹೊಂಡಗಳಲ್ಲಿವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಿಂದ ಇವುಗಳಲ್ಲೊಂದಾದ ಸ್ಪಿರುಲಿನಾವನ್ನು ಬೆಳೆಸಿ ಆಹಾರವಾಗಿಸಲು ದುಡಿಯಿತು. ಎಲ್. ವಿ. ವೆಂಕಟರಾಮನ್ ಆ ಕೆಲಸದ ಮುಂಚೂಣಿಯಲ್ಲಿದ್ದರು. 1996ರಲ್ಲಿ ಜಪಾನಿನ ಕಜುಸಾ ಸಂಸ್ಥೆಯವರು ಸಿನೆಕೊಸಿಸ್ಟಿಸ್ ಪಿಸಿಸಿ 6803 ಎಂಬ ಸೈನೋಬ್ಯಾಕ್ಟೀರಿಯಾದ ಜೀನೋಮನ್ನು ಪೂರ್ತಿ ಓದಿದರು. ದ್ಯುತಿಸಂಶ್ಲೇಷಣೆ ಮಾಡುವ ಜೀವಿಯೊಂದರ ಪೂರ್ಣ ಜೀನೋಮ್ ಮೊದಲು ಸಿಕ್ಕಿದ್ದು ಆಗ. ಆದರೆ ಜೀನುಗಳ ಪಟ್ಟಿ ಕೈಯಲ್ಲಿದ್ದ ಮಾತ್ರಕ್ಕೆ ಜೀವಕೋಶ ಅರ್ಥವಾಗುವುದಿಲ್ಲ. ಒಳಬಂದ ಇಂಗಾಲದಲ್ಲಿ ಸಕ್ಕರೆಗೆ ಎಷ್ಟು ಹೋಯಿತು, ಪ್ರೋಟೀನಿಗೆ ಎಷ್ಟು, ಕೊಬ್ಬಿಗೆ ಎಷ್ಟು? ಅಸಲು ಪ್ರಶ್ನೆ ಇದು.

ಇಳಕಲ್ ಸೀರೆಯ ನೇಕಾರರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ಮನೆಗೆ ಬಂದ ನೂಲು, ಹಾಸಿಗೆ ಹೋದದ್ದು, ಹೊಕ್ಕಿಗೆ ಹೋದದ್ದು ಎಲ್ಲ ತಾಳೆಯಾಗಬೇಕು. ಜೀವಕೋಶದಲ್ಲಿಯೂ ಹಾಗೇ. ಸ್ಥಿರವಾಗಿ ಬೆಳೆಯುತ್ತಿರುವ ಕೋಶದಲ್ಲಿ ಪ್ರತಿ ವಸ್ತು ಎಷ್ಟು ತಯಾರಾಗುತ್ತದೋ ಅಷ್ಟೇ ಖರ್ಚಾಗಬೇಕು. ಒಂದೊಂದು ವಸ್ತುವಿಗೆ ಒಂದೊಂದು ಸಮೀಕರಣ. ಆದರೆ ಕೋಶದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳು ಈ ಸಮೀಕರಣಗಳಿಗಿಂತ ಹೆಚ್ಚಿರುವುದರಿಂದ ಉತ್ತರ ಒಂದಲ್ಲ, ಅಸಂಖ್ಯ. ಆಗ ಬೆಳಕು ಇಷ್ಟೇ, ಇಂಗಾಲ ಇಷ್ಟೇ ಎಂದು ಮಿತಿ ಹಾಕಿ, ಬೆಳವಣಿಗೆ ಅತಿ ಹೆಚ್ಚಾಗುವ ಉತ್ತರ ಯಾವುದೆಂದು ಕಂಪ್ಯೂಟರನ್ನು ಕೇಳುತ್ತಾರೆ. ಈ ವಿಧಾನದ ಹೆಸರು ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್.

ಕರ್ನಾಟಕಕ್ಕೆ ಇದು ಅಪರಿಚಿತವಲ್ಲ. 2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ರಾಮನ್, ನಾಗಸುಮಾ ಚಂದ್ರ ಮತ್ತು ಸಂಗಡಿಗರು ಕ್ಷಯದ ಬ್ಯಾಕ್ಟೀರಿಯಾದ ಹೊರಕವಚ ತಯಾರಾಗುವ 219 ಕ್ರಿಯೆಗಳನ್ನು ಇದೇ ವಿಧಾನದಲ್ಲಿ ಪರಿಶೀಲಿಸಿ, ಔಷಧಕ್ಕೆ ಗುರಿಯಾಗಬಲ್ಲ ಪ್ರೋಟೀನುಗಳನ್ನು ಹೆಸರಿಸಿದರು. ಅದೇ ವರ್ಷ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅವಂತಿಕಾ ಶಾಸ್ತ್ರಿ ಮತ್ತು ಜಾನ್ ಮಾರ್ಗನ್ ಸಿನೆಕೊಸಿಸ್ಟಿಸ್‌ಗೆ ಈ ಲೆಕ್ಕವನ್ನು ಹೊಂದಿಸಿದರು.

2012ರಲ್ಲಿ ಬಂದ ಇದೇ ಜೀವಿಯ ಮಾದರಿಯಲ್ಲಿ, ಅಂದರೆ ಇಂಥ ಸಮೀಕರಣಗಳ ಕಟ್ಟಿನಲ್ಲಿ, 678 ಜೀನುಗಳು, 863 ಕ್ರಿಯೆಗಳಿದ್ದವು. ಅದು ಹೇಳಿದ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನು ಸಕ್ಕರೆಯ ಹಾದಿಗೆ ತರಲು ಶಕ್ತಿ ಸಾಗಿಸುವ ಅಣುಗಳಾದ 3 ಎಟಿಪಿ, 2 ಎನ್‌ಎಡಿಪಿಎಚ್ ಬೇಕು. ಬೆಳಕಿನಿಂದ ಎಲೆಕ್ಟ್ರಾನುಗಳು ನೇರ ಹಾದಿಯಲ್ಲೇ ಹರಿದರೆ ಈ ಪ್ರಮಾಣಕ್ಕೆ ತಕ್ಕಷ್ಟು ಎಟಿಪಿ ಸಿಗುವುದಿಲ್ಲ. ಆ ಕೊರತೆ ತುಂಬಲು ಕೋಶ ಎಲೆಕ್ಟ್ರಾನುಗಳನ್ನು ಬಳಸುದಾರಿಗಳಲ್ಲಿಯೂ ಹರಿಸುತ್ತದೆ. ಆ ದಾರಿಗಳಿಲ್ಲದೆ ಬೆಳವಣಿಗೆ ಸೊರಗುತ್ತದೆ ಎಂಬುದು ಅಂಕಿಗಳಲ್ಲೇ ಸ್ಪಷ್ಟವಾಯಿತು.

ಸ್ಪಿರುಲಿನಾಕ್ಕೆ ಥಾಯ್ಲೆಂಡಿನ ತಂಡ 2012ರಲ್ಲೇ ಮಾದರಿ ಕಟ್ಟಿತು. ಲೆಕ್ಕಕ್ಕೆ ತಕ್ಕ ಜೀವಿಗಳು ನಮ್ಮಲ್ಲೂ ಇವೆ: 2018ರಲ್ಲಿ ಮುಂಬೈ ಐಐಟಿಯ ಪ್ರಮೋದ್ ವಾಂಗೀಕರ್ ಅವರ ತಂಡ ಪೊವಾಯ್ ಕೆರೆಯಲ್ಲಿ ದೊರೆತ, 2.3 ಗಂಟೆಗೊಮ್ಮೆ ದುಪ್ಪಟ್ಟಾಗುವ ಸೈನೋಬ್ಯಾಕ್ಟೀರಿಯಾವನ್ನು ವರದಿ ಮಾಡಿತು. ನಮ್ಮ ನಡುವಿನ ಕೆರೆಯಲ್ಲೇ ಇಂಥ ಜೀವಿ ಇತ್ತು!

ಆದರೆ ಮಾದರಿಯನ್ನು ಕುರುಡಾಗಿ ನಂಬುವಂತಿಲ್ಲ. ಅದು ಆ ಹೊತ್ತಿಗೆ ತಿಳಿದಿರುವುದರ ಮೇಲೆ ನಿಂತಿರುತ್ತದೆ. ಸೈನೋಬ್ಯಾಕ್ಟೀರಿಯಾದಲ್ಲಿ ಸಿಟ್ರಿಕ್ ಆಮ್ಲದ ಚಕ್ರ ಅರ್ಧಕ್ಕೇ ತುಂಡಾಗಿದೆ ಎಂದು ಪಠ್ಯಗಳು ದಶಕಗಟ್ಟಲೆ ಹೇಳಿದವು. 2011ರಲ್ಲಿ ವಿಜ್ಞಾನಿಗಳಾದ ಝಾಂಗ್ ಮತ್ತು ಬ್ರಯಾಂಟ್ ಆ ಚಕ್ರವನ್ನು ಮುಚ್ಚುವ ಎರಡು ಕಿಣ್ವಗಳನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿದರು. ಕಂಪ್ಯೂಟರ್ ಹೇಳುವುದು ಏನಾಗಬಹುದು ಎಂಬುದನ್ನು. ಏನಾಗುತ್ತಿದೆ ಎಂಬುದನ್ನು ಹೇಳಲು ಪ್ರಯೋಗಾಲಯವೇ ಬೇಕು.

ಆದರೂ ಸಣ್ಣ ಊರಿನ ಕಾಲೇಜಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಕೈಗೆಟಕುವ ವಿಜ್ಞಾನ ಅಪರೂಪ. ಈ ಲೆಕ್ಕ ಮಾಡುವ ಕೋಬ್ರಾಪೈ ಎಂಬ ತಂತ್ರಾಂಶ ಉಚಿತ. 678 ಜೀನುಗಳ ಆ ಮಾದರಿ ಬಿಗ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ, ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಇಳಕಲ್ಲು, ಹುನಗುಂದಗಳಲ್ಲಿ ಪದವಿ ಕಾಲೇಜುಗಳಿವೆ. ಜೀವಶಾಸ್ತ್ರ ಓದುವವರನ್ನೂ ಗಣಿತ ಓದುವವರನ್ನೂ ಒಂದೇ ಮೇಜಿಗೆ ಕೂರಿಸುವವರು ಬೇಕು, ಅಷ್ಟೇ. ಅಧ್ಯಾಪಕರೇ, ಈ ವರ್ಷದ ಪ್ರಾಜೆಕ್ಟಿಗೆ ಈ ಮಾದರಿಯನ್ನೇ ಕೊಡಿ. ಬೆಳಕನ್ನು ಅರ್ಧಕ್ಕೆ ಇಳಿಸಿದರೆ ಬೆಳವಣಿಗೆ ಎಷ್ಟಾಗುತ್ತದೆ ಎಂಬ ಪ್ರಶ್ನೆಯಿಂದ ಶುರುಮಾಡಿಸಿ.