ಬಾಗಿಲಲ್ಲಿ ಹೆಸರು ಬರುವ ತನಕ

ಓದಲೆಂದು ಬರ್ಲಿನ್ ನಗರಕ್ಕೆ ಹೋದ ನನ್ನ ಅಕ್ಕನ ಮಗ ಅಲ್ಲಿಗೆ ತಲುಪಿದ್ದು 2024ರ ಸೆಪ್ಟೆಂಬರ್ ಕೊನೆಯ ಒಂದು ಶನಿವಾರ ರಾತ್ರಿ. ಮರುದಿನ ಬೆಳಿಗ್ಗೆ ಹಾಲು, ಬ್ರೆಡ್ಡು ತರೋಣವೆಂದು ಹೊರಟರೆ ಬೀದಿಯುದ್ದಕ್ಕೂ ಅಂಗಡಿಗಳ ಬಾಗಿಲು ಮುಚ್ಚಿವೆ. ಯಾರಾದರೂ ದೊಡ್ಡ ನಾಯಕರು ತೀರಿಕೊಂಡರೋ, ಇಲ್ಲ ಬಂದ್ ಕರೆ ಏನಾದರೂ ಇದೆಯೋ ಎಂದು ಹುಡುಗನಿಗೆ ಗಾಬರಿ. ಎರಡೂ ಅಲ್ಲ, ಅಂದು ಭಾನುವಾರ ಅಷ್ಟೆ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯಬಾರದೆಂಬುದು ಕಾನೂನು. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ, ಪೆಟ್ರೋಲ್ ಬಂಕ್, ಕೆಲವು ಗಂಟೆ ತೆರೆದಿರುವ ಬೇಕರಿ ಬಿಟ್ಟರೆ ಹೆಚ್ಚಿನದೇನೂ ಸಿಗದು. ಇದು ಗೊತ್ತಿಲ್ಲದ ಹುಡುಗ ಅಂದು ಹೊಟ್ಟೆ ತುಂಬಿಸಿಕೊಂಡದ್ದು ತಾಯಿ ಕಟ್ಟಿಕೊಟ್ಟಿದ್ದ ಚಕ್ಕುಲಿ ಮತ್ತು ನಲ್ಲಿ ನೀರಿನಿಂದ.

ಸಂಜೆ ಅರಸೀಕೆರೆಯಿಂದ ಅಕ್ಕನ ಫೋನು. "ಊಟ ಆಯ್ತೇನೋ?"

"ಆಯ್ತಮ್ಮ. ಎಲ್ಲಾ ಚೆನ್ನಾಗಿದೆ."

ಆ 'ಎಲ್ಲಾ ಚೆನ್ನಾಗಿದೆ' ಎಂಬ ಮಾತಿನ ಹಿಂದೆ ಏನೇನಿತ್ತೆಂಬುದು ನಮಗೆ ತಿಳಿದದ್ದು ತಿಂಗಳುಗಳು ಕಳೆದ ಮೇಲೆ. ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳಿಸಲು ಸಿದ್ಧರಾಗಿರುವ ತಂದೆತಾಯಂದಿರಿಗೂ, ಪೆಟ್ಟಿಗೆ ಕಟ್ಟುತ್ತಿರುವ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬಂದೀತೆಂದು ಅದನ್ನಿಲ್ಲಿ ಬರೆಯುತ್ತಿದ್ದೇನೆ. 2022-23ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರ ಸಂಖ್ಯೆಯೇ ಮೊದಲ ಸ್ಥಾನಕ್ಕೇರಿತು. ಆದ್ದರಿಂದ ಇದು ಒಂದು ಮನೆಯ ಕಥೆ ಮಾತ್ರ ಆಗಿರಲಾರದು.

ಬೀಜ ಮೊದಲೋ ಮರ ಮೊದಲೋ

ಜರ್ಮನಿಯಲ್ಲಿ ಯಾರೇ ಹೊಸ ಮನೆಗೆ ಹೋದರೂ ಎರಡು ವಾರದೊಳಗೆ ಆ ವಿಳಾಸವನ್ನು ಸರಕಾರಕ್ಕೆ ತಿಳಿಸಬೇಕು. ಈ ನೋಂದಣಿಗೆ 'ಅನ್ಮೆಲ್ಡುಂಗ್' ಎಂದು ಹೆಸರು. ಅಲ್ಲಿಯ ಪ್ರಜೆಗಳಿಗೂ ಇದು ತಪ್ಪಿದ್ದಲ್ಲ. 'ಬ್ಯೂರ್ಗರ್‌ಆಮ್ಟ್' ಎಂಬ ನಾಗರಿಕ ಕಚೇರಿಗೆ ಪಾಸ್‌ಪೋರ್ಟ್, ತುಂಬಿದ ಫಾರಂ ಮತ್ತು 'ಇವರು ನಮ್ಮಲ್ಲಿ ವಾಸಕ್ಕೆ ಬಂದಿದ್ದಾರೆ' ಎಂದು ಮನೆ ಕೊಟ್ಟವರು ಸಹಿ ಹಾಕಿದ ಕಾಗದ ಒಯ್ಯಬೇಕು. ಮೊದಲೇ ಸಮಯ ಗೊತ್ತುಪಡಿಸಿಕೊಳ್ಳಬೇಕು. ಬರ್ಲಿನ್ನಿನಲ್ಲಿ ಆ ಸಮಯ ಸಿಗುವುದೇ ದುಸ್ತರ. ಆದರೆ ನಗರದ ಯಾವ ಭಾಗದ ಕಚೇರಿಗಾದರೂ ಹೋಗಬಹುದೆಂಬುದು ಸಮಾಧಾನ. ದೂರದ ಬಡಾವಣೆಯಲ್ಲಿ ಬೇಗ ಸಿಕ್ಕರೆ ರೈಲು ಹತ್ತಿಬಿಡುವುದೇ ಜಾಣತನ.

ಈ ಒಂದು ಹಾಳೆ ಕೈಗೆ ಬಂದರೆ ಉಳಿದ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ತೆರಿಗೆ ಸಂಖ್ಯೆ ಅಂಚೆಯಲ್ಲಿ ತಾನಾಗಿ ಬರುತ್ತದೆ. ಅನೇಕ ಬ್ಯಾಂಕುಗಳು ಖಾತೆ ತೆರೆಯಲು ಇದನ್ನು ಕೇಳುತ್ತವೆ. ಊರಿನಿಂದ ತಂದ ವೀಸಾ ಸಾಮಾನ್ಯವಾಗಿ ಕೆಲವು ತಿಂಗಳಿನದು. ಅದು ಮುಗಿಯುವ ಮುನ್ನ ವಾಸದ ಪರವಾನಗಿಗೆ ಅರ್ಜಿ ಹಾಕಲೂ ವಿಳಾಸ ಬೇಕು. ತಮಾಷೆಯೆಂದರೆ, ಮನೆ ಕೇಳಲು ಹೋದರೆ ಅಲ್ಲಿ ಬ್ಯಾಂಕಿನ ಕಾಗದ, ಆದಾಯದ ಕಾಗದ ಕೇಳುತ್ತಾರೆ. ಬೀಜ ಮೊದಲೋ ಮರ ಮೊದಲೋ ಎಂಬ ನಮ್ಮ ಹಳೆಯ ಒಗಟು ಅಲ್ಲಿ ಹೊಸಬನ ನಿತ್ಯದ ಪಾಡು.

ಇನ್ನೊಂದು ಸಂಗತಿಯಿದೆ. ಬರ್ಲಿನ್ನಿನ ಬಹುಪಾಲು ಕಟ್ಟಡಗಳಲ್ಲಿ ಮನೆಗಳಿಗೆ ನಂಬರು ಇರುವುದಿಲ್ಲ. ಕೆಳಗಿನ ಕರೆಗಂಟೆಯ ಪಕ್ಕದಲ್ಲಿ, ಅಂಚೆಪೆಟ್ಟಿಗೆಯ ಮೇಲೆ ವಾಸಿಸುವವರ ಹೆಸರು ಇರುತ್ತದೆ. ಹೆಸರು ಇಲ್ಲದಿದ್ದರೆ ಅಂಚೆಯವನ ಪಾಲಿಗೆ ನೀವು ಅಲ್ಲಿ ಇಲ್ಲ. ಬಂದ ಕಾಗದ ವಾಪಸು ಹೋಗುತ್ತದೆ. ಬ್ಯಾಂಕು, ವಿಮೆ, ಸರಕಾರ ಎಲ್ಲವೂ ಇನ್ನೂ ಅಂಚೆಯನ್ನೇ ನೆಚ್ಚಿಕೊಂಡಿರುವ ದೇಶ ಅದು. ಮನೆಗೆ ಕಾಲಿಟ್ಟ ದಿನವೇ ಮೊದಲು ಮಾಡಬೇಕಾದ ಕೆಲಸ, ಒಂದು ಚೀಟಿಯಲ್ಲಿ ಹೆಸರು ಬರೆದು ಪೆಟ್ಟಿಗೆಗೆ ಅಂಟಿಸುವುದು.

ಹೋದ ದುಡ್ಡು, ಹೇಳದ ಮಾತು

ನಮ್ಮ ಹುಡುಗನಿಗೆ ಹೆಸರು ಅಂಟಿಸಲು ಪೆಟ್ಟಿಗೆಯೇ ಇರಲಿಲ್ಲ. ಮೊದಲ ಎರಡು ವಾರ ಹಾಸ್ಟೆಲ್ಲಿನ ಎಂಟು ಮಂಚದ ಕೋಣೆ. ಅಷ್ಟರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು: ವಿಶ್ವವಿದ್ಯಾಲಯದ ಹತ್ತಿರ, ಕಡಿಮೆ ಬಾಡಿಗೆ, ಚೆಂದದ ಫೋಟೋಗಳು. ಮನೆಯೊಡೆಯನೆಂದು ಹೇಳಿಕೊಂಡವನ ಉತ್ತರವೂ ಬಹಳ ನಯ. "ನಾನೀಗ ಬೇರೆ ದೇಶದಲ್ಲಿದ್ದೇನೆ. ಮುಂಗಡ ಕಳುಹಿಸಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ." ಹುಡುಗ 900 ಯುರೋ ಕಳುಹಿಸಿದ. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿಗೂ ಹೆಚ್ಚು. ಬೀಗದ ಕೈ ಬರಲಿಲ್ಲ. ಆ ಬೀದಿಗೇ ಹೋಗಿ ನೋಡಿದರೆ ಆ ಮನೆಯಲ್ಲಿ ಯಾರೋ ಸಂಸಾರವಂದಿಗರು ವರ್ಷಗಳಿಂದ ವಾಸವಾಗಿದ್ದರು.

ಕಣ್ಣಾರೆ ನೋಡದ ಮನೆಗೆ, ಸಹಿಯಾಗದ ಕರಾರಿಗೆ, ಎಂದೂ ದುಡ್ಡು ಕಳುಹಿಸಬಾರದು. ಅಲ್ಲಿಯ ಕಾನೂನಿನ ಪ್ರಕಾರ ಮುಂಗಡ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚಿರಕೂಡದು, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರನಿಗಿದೆ. ಬಾಡಿಗೆಯಲ್ಲೂ ಎರಡು ಬಗೆ. 'ತಣ್ಣನೆ ಬಾಡಿಗೆ' ಎಂದರೆ ಬರೀ ಜಾಗಕ್ಕೆ, 'ಬಿಸಿ ಬಾಡಿಗೆ' ಎಂದರೆ ನೀರು, ಕೋಣೆ ಬೆಚ್ಚಗಿಡುವ ಖರ್ಚು ಮುಂತಾದವೂ ಸೇರಿ. ಬಾಡಿಗೆ ಎಷ್ಟೆಂದು ಕೇಳುವ ಮುನ್ನ ಯಾವ ಬಾಡಿಗೆ ಎಂದು ಕೇಳಬೇಕು. ಪ್ರವೇಶಪತ್ರ ಕೈಗೆ ಬಂದ ದಿನವೇ ವಿದ್ಯಾರ್ಥಿ ಸೇವಾ ಸಂಸ್ಥೆಯ ವಸತಿಗೃಹಕ್ಕೆ ಅರ್ಜಿ ಹಾಕುವುದು ಕ್ಷೇಮ. ಅಲ್ಲಿ ಸರದಿ ಉದ್ದ.

ದುಡ್ಡು ಹೋದದ್ದಕ್ಕಿಂತ ನಮ್ಮನ್ನು ಕಾಡಿದ್ದು ಆಮೇಲೆ ನಡೆದದ್ದು. ಹುಡುಗ ಮನೆಗೆ ಹೇಳಲಿಲ್ಲ. ಅಪ್ಪ ಸಾಲ ಮಾಡಿ ಕಳಿಸಿದ ದುಡ್ಡೆಂದು ಅವನಿಗೆ ನಾಚಿಕೆ. ಎರಡು ತಿಂಗಳು ಒಪ್ಪೊತ್ತು ಉಂಡು ಆ ಲೆಕ್ಕ ಸರಿತೂಗಿಸಲು ನೋಡಿದ. ಫೋನಿನಲ್ಲಿ ಮಾತ್ರ "ಎಲ್ಲಾ ಚೆನ್ನಾಗಿದೆ". ಕ್ಯಾಮೆರಾ ಹಾಕು ಎಂದರೆ "ನೆಟ್‌ವರ್ಕ್ ಸರಿಯಿಲ್ಲಮ್ಮ". ಡಿಸೆಂಬರಿನಲ್ಲಿ ಒಮ್ಮೆ ನನಗೆ ಫೋನು ಮಾಡಿ, "ಮಾವ, ಅಮ್ಮನಿಗೆ ಹೇಳಬೇಡಿ" ಎಂದು ಶುರು ಮಾಡಿದವನು ಅರ್ಧ ಗಂಟೆ ಅತ್ತ.

ಡಿಸೆಂಬರ್ ಎಂದೆ. ಅದೂ ಒಂದು ಕಾರಣವೇ. ಆ ತಿಂಗಳು ಬರ್ಲಿನ್ನಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟರ ಮೇಲೆ, ಮುಳುಗುವುದು ಮಧ್ಯಾಹ್ನ ನಾಲ್ಕಕ್ಕೂ ಮುಂಚೆ. ಮೋಡ ಕವಿದರೆ ಅದೂ ಕಾಣದು. ಬಿಸಿಲ ನಾಡಿನ ಮಕ್ಕಳಿಗೆ ಈ ಕತ್ತಲೆ ಮನಸ್ಸಿನೊಳಕ್ಕೂ ಇಳಿಯುತ್ತದೆ. ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಮನಶ್ಶಾಸ್ತ್ರಜ್ಞರ ಸಲಹೆ ದೊರೆಯುತ್ತದೆ. ಹಾಗೆ ಹೋಗುವುದು ಅವಮಾನವಲ್ಲ, ಜ್ವರಕ್ಕೆ ಡಾಕ್ಟರ ಬಳಿ ಹೋದಂತೆಯೇ.

ಬರೆಯದ ನಿಯಮಗಳು

ಜನವರಿಯಲ್ಲಿ ಅವನಿಗೆ ಒಂದು ಕೋಣೆ ಸಿಕ್ಕಿತು. ಮೂವರು ಒಂದು ಮನೆ ಹಂಚಿಕೊಳ್ಳುವ ವ್ಯವಸ್ಥೆ. 2025ರ ಜೂನ್‌ನಲ್ಲಿ ನಾನು ಹೋದಾಗ ಆ ಕಟ್ಟಡ ಕಂಡು ನನಗೆ ನೆನಪಾದದ್ದು ಹಳೆಯ ಬೆಂಗಳೂರಿನ ವಠಾರ. ಬೀದಿಗೆ ಮುಂದಿನ ಮನೆ, ಒಳಗೆ ಅಂಗಳ, ಅಂಗಳದಾಚೆ ಹಿಂದಿನ ಮನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ಖಾನೆ ಕೆಲಸಕ್ಕೆ ಹರಿದುಬಂದ ಜನಕ್ಕಾಗಿ ಇಂಥ ಮನೆಗಳನ್ನು ಸಾಲುಸಾಲಾಗಿ ಕಟ್ಟಿದರು. ಅಂದರೆ ಆ ಅಂಗಳ ಹೊಸಬರನ್ನು ಕಾಣುವುದು ಇದೇ ಮೊದಲಲ್ಲ.

ವಠಾರವೆಂದ ಮೇಲೆ ವಠಾರದ ಕಟ್ಟುಪಾಡುಗಳೂ ಇರಬೇಕಷ್ಟೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಗೋಡೆಗೆ ಮೊಳೆ ಹೊಡೆಯುವುದಿರಲಿ, ತಡರಾತ್ರಿ ಕುಕ್ಕರ್ ಕೂಗಿಸಲೂ ಇವನು ಹೆದರುತ್ತಾನೆ. ಮನೆಗಳಲ್ಲಿ ಹೊಗೆ ಪತ್ತೆಹಚ್ಚುವ ಗಂಟೆ ಕಡ್ಡಾಯ. ಮೊದಲ ಸಲ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಅದು ಅರಚಿಕೊಂಡು ಮೂರೂ ಜನ ಟವೆಲ್ ಬೀಸಿದರಂತೆ. ಕಸಕ್ಕೆ ನಾಲ್ಕೈದು ಡಬ್ಬ: ಕಾಗದ ನೀಲಿಗೆ, ಅಡಿಗೆಮನೆಯ ಸಿಪ್ಪೆ ಕಂದು ಬಣ್ಣದ್ದಕ್ಕೆ, ಪೊಟ್ಟಣ ಹಳದಿ ಅಥವಾ ಕಿತ್ತಳೆಗೆ, ಗಾಜಿನಲ್ಲೂ ಬಿಳಿಯದು ಬೇರೆ, ಬಣ್ಣದ್ದು ಬೇರೆ. ನೀರು, ಸೋಡಾದ ಪ್ಲಾಸ್ಟಿಕ್ ಬಾಟಲಿ ಎಸೆಯಬಾರದು. ಅಂಗಡಿಯ ಯಂತ್ರಕ್ಕೆ ಹಿಂತಿರುಗಿಸಿದರೆ ಒಂದಕ್ಕೆ 25 ಸೆಂಟ್ ವಾಪಸು.

ರೈಲು ನಿಲ್ದಾಣಗಳಲ್ಲಿ ಗೇಟೂ ಇಲ್ಲ, ತಡೆಯುವವರೂ ಇಲ್ಲ. ಇದನ್ನು ಔದಾರ್ಯವೆಂದು ತಿಳಿದರೆ ಕೆಟ್ಟಿರಿ. ಸಾದಾ ಉಡುಪಿನ ತಪಾಸಣೆಯವರು ಪಕ್ಕದ ಸೀಟಿನಲ್ಲೇ ಕುಳಿತಿರುತ್ತಾರೆ. ಟಿಕೆಟ್ ಇಲ್ಲದಿದ್ದರೆ 60 ಯುರೋ ದಂಡ. ಕೊಂಡ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಹಾಕದಿದ್ದರೂ ಅದೇ ದಂಡ. ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ನಡೆಯದು.

ಹಣದ ವಿಷಯದಲ್ಲಿ ಮೂರು ಮಾತು. ಖರ್ಚಿಗೆಂದು ಮೊದಲೇ ಬಂಧಿತ ಖಾತೆಯಲ್ಲಿಡಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 11,904 ಯುರೋಗೆ ಏರಿತು. ಅದರಿಂದ ತಿಂಗಳಿಗೆ 992 ಯುರೋ ಮಾತ್ರ ಕೈಗೆ ಬರುತ್ತದೆ. ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಣಿಯಾಗದು. ಇನ್ನು ಕೆಲಸ, 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿಯಿದೆ. ದುಡಿಮೆಯಿಂದಲೇ ಎಲ್ಲ ಖರ್ಚು ನಡೆದೀತೆಂಬ ಲೆಕ್ಕ ಹಾಕಿ ಮಕ್ಕಳನ್ನು ಕಳುಹಿಸುವುದು ಸರಿಯಲ್ಲ.

ನುಡಿಯೇ ಬೀಗದ ಕೈ

ತರಗತಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಆದರೆ ಕಚೇರಿಯ ಕಾಗದ, ಮನೆಯ ಕರಾರು, ಪಕ್ಕದ ಮನೆಯ ಅಜ್ಜಿ ಎಲ್ಲವೂ ಜರ್ಮನ್. ಹೊರಡುವ ಮುನ್ನ ಆರು ತಿಂಗಳು ಕಲಿತರೂ ಅದು ಪೆಟ್ಟಿಗೆಯಲ್ಲಿ ತುಂಬಿದ ಉಪ್ಪಿನಕಾಯಿಗಿಂತ ಹೆಚ್ಚು ಕಾಲ ಬರುತ್ತದೆ. ಫರ್ಡಿನಾಂಡ್ ಕಿಟೆಲ್ ಜರ್ಮನಿಯಿಂದ ನಮ್ಮ ನಾಡಿಗೆ ಬಂದದ್ದು 1853ರಲ್ಲಿ. ಬಂದವರು ನಮ್ಮ ಜನರೊಡನೆ ಬೆರೆತು ಕನ್ನಡ ಕಲಿತರು; 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ನಮ್ಮ ಮಕ್ಕಳು ನಿಘಂಟು ಬರೆಯಬೇಕಿಲ್ಲ, ಮಾರುಕಟ್ಟೆಗೆ ಹೋಗಿ ಮಾತಾಡಿಬಂದರೆ ಸಾಕು.

ಮಾರುಕಟ್ಟೆಗೆ ನನ್ನನ್ನೂ ಕರೆದೊಯ್ದ. ಮಂಗಳವಾರ, ಶುಕ್ರವಾರ ಕಾಲುವೆಯ ದಂಡೆಯಲ್ಲಿ ಸೇರುವ ತುರ್ಕಿ ಸಂತೆ ಅದು. ಕೊತ್ತಂಬರಿ ಕಟ್ಟು, ಹಸಿಮೆಣಸಿನಕಾಯಿ, ಬದನೆ ಎಲ್ಲ ರಾಶಿ ರಾಶಿ. 1961ರಲ್ಲಿ ಪಶ್ಚಿಮ ಜರ್ಮನಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕೂಲಿಗೆ ಕರೆಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಇಂದು ಆ ಊರಿನವರೇ ಆಗಿದ್ದಾರೆ. ಹುಡುಗ ಅಳುಕಿಲ್ಲದೆ ಜರ್ಮನ್‌ನಲ್ಲಿ ಚೌಕಾಸಿ ಮಾಡಿದ. ವ್ಯಾಪಾರಿ ನಕ್ಕು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದ.

ತಂದೆತಾಯಂದಿರಿಗೆ ಒಂದು ಮಾತು

ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅದನ್ನು ನೋಡಿಕೊಂಡು ಫೋನು ಮಾಡಿ. 'ಊಟ ಆಯ್ತಾ' ಎಂಬ ಪ್ರಶ್ನೆಗೆ 'ಆಯ್ತು' ಎಂಬ ಒಂದೇ ಉತ್ತರ. ಬದಲಿಗೆ 'ಏನು ಅಡಿಗೆ ಮಾಡಿದೆ, ಇವತ್ತು ಯಾರ ಜೊತೆ ಮಾತಾಡಿದೆ, ಅಂಚೆಯಲ್ಲಿ ಏನು ಬಂತು' ಎಂದು ಕೇಳಿದರೆ ಸಂಗತಿ ಹೊರಬರುತ್ತದೆ. ತಪ್ಪು ಮಾಡಿದರೂ ಹೇಳಬಹುದು, ಬೈಯುವುದಿಲ್ಲ ಎಂಬ ಧೈರ್ಯವನ್ನು ವಿಮಾನ ಹತ್ತಿಸುವ ಮುನ್ನವೇ ಕೊಡಬೇಕು. ನಾವು ಕೊಡಲಿಲ್ಲ. 900 ಯುರೋ ಹೋದ ಮಾತು ಕೇಳಿ ಭಾವ ಹೇಳಿದ್ದು ಇಷ್ಟೆ: "ದುಡ್ಡು ಹೋಯ್ತು, ಹೋಗಲಿ. ನೀನು ಉಪವಾಸ ಇದ್ದೆಯಲ್ಲಪ್ಪ." ಈ ಮಾತನ್ನು ಮೊದಲೇ ಆಡಿದ್ದರೆ ಹುಡುಗನ ಎರಡು ತಿಂಗಳು ಹಾಗೆ ಹೋಗುತ್ತಿರಲಿಲ್ಲ.

ಹಿಂದಿರುಗುವ ದಿನ ಆ ಕಟ್ಟಡದ ಬಾಗಿಲಲ್ಲಿ ನಿಂತು ಕರೆಗಂಟೆಯ ಪಕ್ಕದ ಹೆಸರುಗಳ ಸಾಲನ್ನು ಓದಿದೆ. ಮೂರು ಹೆಸರಿನ ಒಂದು ಚೀಟಿ, ಕೊನೆಯದು ನಮ್ಮ ಹುಡುಗನದು. ಫೋಟೋ ತೆಗೆದು ಅಕ್ಕನಿಗೆ ಕಳುಹಿಸಿದೆ. ಅಂದು ರಾತ್ರಿಯ ಫೋನಿನಲ್ಲಿ ಅವಳ ಮೊದಲ ಪ್ರಶ್ನೆ ಊಟದ್ದಲ್ಲ. "ಏನೋ, ಇವತ್ತು ಟಪಾಲು ಏನಾದರೂ ಬಂತೇನೋ?"