ಟರ್ಬೊ ಕಾರಿನ 'ಪ್ಸ್ಸ್' ಸದ್ದು: ಬ್ಲೋ-ಆಫ್ ವಾಲ್ವ್ ಬದಲಿಸುವ ಮುನ್ನ

ಕುವೈತ್‌ನಲ್ಲಿ ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಕೊಂಡ ನಮ್ಮ ಕೆಲವು ಹುಡುಗರು ಶುವೈಖ್ ಗ್ಯಾರೇಜ್‌ಗಳಲ್ಲಿ ಮೊದಲು ಕೇಳುವುದೇ ಬ್ಲೋ-ಆಫ್ ವಾಲ್ವ್. ದೀನಾರ್ ಎಣಿಸುವ ಮೊದಲು ಅದರ ಕೆಲಸ ಏನೆಂದು ತಿಳಿದಿರಲಿ.

ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಥ್ರಾಟಲ್ ಮುಚ್ಚುತ್ತದೆ, ಆದರೆ ಟರ್ಬೊ ತಿರುಗುತ್ತಲೇ ಇರುತ್ತದೆ. ಒತ್ತಡದ ಗಾಳಿ ದಾರಿ ಸಿಗದೆ ಹಿಂದಕ್ಕೆ ನುಗ್ಗಿ ಟರ್ಬೊ ಚಕ್ರಕ್ಕೆ ಹೊಡೆಯುತ್ತದೆ. ಆ ಗಾಳಿಗೆ ದಾರಿ ಬಿಡುವುದಷ್ಟೇ ವಾಲ್ವ್‌ನ ಕೆಲಸ. ಅದನ್ನು ಬದಲಿಸಿದ ಮಾತ್ರಕ್ಕೆ ಪವರ್ ಹೆಚ್ಚಾಗಲ್ಲ.

ಕಾರಿನ ಜೊತೆ ಬಂದ ವಾಲ್ವ್ ಸಾಮಾನ್ಯವಾಗಿ ಗಾಳಿಯನ್ನು ಟರ್ಬೊಗೆ ಹೋಗುವ ಪೈಪ್‌ಗೇ ವಾಪಸ್ ಕಳಿಸುತ್ತದೆ. ಸದ್ದಿನ ವಾಲ್ವ್ ಹೊರಗೆ ಬಿಡುತ್ತದೆ. ಫಿಲ್ಟರ್ ಹತ್ತಿರ ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಕಾರಿಗೆ ಇಲ್ಲೇ ತೊಂದರೆ: ಅಳೆದ ಗಾಳಿ ಹೊರಗೆ ಹೋಯ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ, ಪೆಟ್ರೋಲ್ ಮಾತ್ರ ಪೂರ್ತಿ ಸುರಿಯುತ್ತದೆ. ಗೇರ್ ಬದಲಿಸುವಾಗ ಜರ್ಕ್, ಕಪ್ಪು ಹೊಗೆ, ಕೊನೆಗೆ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಪೆಟ್ಟು.

ಹಾಗಾದರೆ ಯಾವಾಗ ಬದಲಿಸಬೇಕು? ಹಲವು ಕಾರುಗಳ ಮೂಲ ವಾಲ್ವ್ ಪ್ಲಾಸ್ಟಿಕ್‌ನದು, ಒಳಗೆ ರಬ್ಬರ್ ಪೊರೆ. 2016ರ ಜುಲೈನಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಬಾನೆಟ್ ಒಳಗಿನ ಬಿಸಿ ಕೇಳಬೇಕೆ? ಪೊರೆ ಹರಿದರೆ ಬೂಸ್ಟ್ ಸೋರಿ ಪಿಕಪ್ ಬೀಳುತ್ತದೆ. ಮೊದಲು ಪೈಪ್, ಕ್ಲಿಪ್ ಲೀಕ್ ಇದೆಯಾ ನೋಡಿಸಿ. ವಾಲ್ವೇ ಹೋಗಿದ್ದರೆ, ಅಥವಾ ಬೂಸ್ಟ್ ಹೆಚ್ಚಿಸಿ ಟ್ಯೂನ್ ಮಾಡಿಸಿದ್ದರೆ, ಗಾಳಿ ವಾಪಸ್ ಕಳಿಸುವ ಮಾದರಿಯ ಲೋಹದ ಪಿಸ್ಟನ್ ವಾಲ್ವ್ ಸಾಕು.

ತೆಗೆದ ವಾಲ್ವ್ ಸರಿಯಿದ್ದರೆ ಎಸೆಯಬೇಡಿ. ದಫ್ತರ್ ನವೀಕರಣದ ತಪಾಸಣೆಗೆ, ಊರಿಗೆ ಹೊರಡುವಾಗ ಕಾರು ಮಾರುವುದಕ್ಕೆ ಬೇಕಾಗಬಹುದು. ಆಫೀಸಿನ ಅಥವಾ ಕಫೀಲ್‌ನ ಕಾರಾದರೆ ಕೈ ಹಾಕಲೇಬೇಡಿ.